ಕುದುರೆ ಕುಂಟುತ್ತಿದೆ, ಕಾರಣ ಸಿಗುತ್ತಿಲ್ಲ: ಎಲ್ಲಿಂದ ಹುಡುಕಬೇಕು?

ಮಲ್ಲಿಯ ಎಡ ಮುಂಗಾಲಿಗೆ 11 ದಿನ ಬಿಸಿನೀರಿನ ಶಾಖ ಕೊಟ್ಟೆ, ಉಪ್ಪಿನ ಪಟ್ಟಿ ಕಟ್ಟಿದೆ. ಆ ಕಾಲಿಗೆ ಏನೂ ಆಗಿರಲೇ ಇಲ್ಲ.

ಮಲ್ಲಿ 13 ವರ್ಷದ ಥರೋಬ್ರೆಡ್ ಹೆಣ್ಣು ಕುದುರೆ. ಬೆಂಗಳೂರಿನಲ್ಲಿ ರೇಸ್ ಓಡಿ, ಓಟ ನಿಂತ ಮೇಲೆ ಇಬ್ಬರು ಮೂವರ ಕೈ ದಾಟಿ ಚಿಕ್ಕಮಗಳೂರಿನ ಆಲ್ದೂರು ಕಡೆಯ ನಮ್ಮ ಕಾಫಿ ತೋಟಕ್ಕೆ ಬಂದವಳು. ಜೂನ್ ಕೊನೆಯಲ್ಲಿ ಮಳೆ ಬಿಡದೆ ಹೊಡೆಯುತ್ತಿದ್ದಾಗ, ಓಡಿಸಿದರೆ ತಲೆ ಮೇಲೆ ಕೆಳಗೆ ಆಡಿಸೋಕೆ ಶುರು ಮಾಡಿದಳು. ಊತ ಇಲ್ಲ, ಗಾಯ ಇಲ್ಲ, ಮೇವು ಬಿಟ್ಟಿಲ್ಲ. ನಡೆಸಿದರೆ ಸರಿಯಾಗೇ ಇದ್ದಾಳೆ ಅನಿಸುತ್ತಿತ್ತು.

ಇಂಥ ಹೊತ್ತಲ್ಲಿ ಸಲಹೆಗೇನೂ ಬರ ಇಲ್ಲ. ತೋಟದ ರೈಟರು "ರಟ್ಟೆ ಜಾರಿದೆ ಸಾರ್" ಅಂದರು. ಪಕ್ಕದ ತೋಟದವರು ದೃಷ್ಟಿ ತೆಗೆಸಿ ಅಂದರು. ಇನ್ನೊಬ್ಬ ಹಿರಿಯರು, ಹಿಂದೆ ಎತ್ತಿಗೆ ಹಾಕಿಸುತ್ತಿದ್ದ ಹಾಗೆ ಬರೆ ಹಾಕಿಸಿಬಿಡಿ ಅಂದರು. ಬರೆ ಹಾಕಿಸಲಿಲ್ಲ, ಅಷ್ಟರ ಮಟ್ಟಿಗೆ ಬುದ್ಧಿ ಇತ್ತು. ಆದರೆ ನಾನು ಮಾಡಿದ ತಪ್ಪೂ ಅದೇ ಜಾತಿಯದ್ದು: ನೋಡುವ ಮೊದಲೇ ತೀರ್ಮಾನಿಸಿದ್ದೆ. ಅದಕ್ಕೇ ಈ ಬರಹ. ಡಾಕ್ಟ್ರು ಬರುವ ತನಕ ನೀವೇ ಏನೇನು ನೋಡಬಹುದು, ಯಾವುದನ್ನು ಮುಟ್ಟಬಾರದು, ಅವರು ಬಂದ ಮೇಲೆ ಏನು ಕೇಳಬೇಕು ಅಂತ ಬರೆದಿದ್ದೇನೆ.

ಮೊದಲು, ಕಾಯಲೇಬಾರದ ಸಂದರ್ಭಗಳು

ಕಾಲನ್ನು ನೆಲಕ್ಕೆ ಊರುತ್ತಲೇ ಇಲ್ಲ ಅಂದರೆ ಹುಡುಕಾಟ ಬಿಡಿ, ಫೋನ್ ಮಾಡಿ. ಅದು ಗೊರಸಿನೊಳಗಿನ ಕೀವೂ ಆಗಿರಬಹುದು, ಮೂಳೆ ಮುರಿತವೂ ಆಗಿರಬಹುದು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಅಂಥ ಕುದುರೆಯನ್ನು ಓಡಿಸಿ ಪರೀಕ್ಷೆ ಮಾಡೋದಂತೂ ಬೇಡವೇ ಬೇಡ. ಕೀಲಿನ ಹತ್ತಿರ ಗಾಯ ಆಗಿ ಅಂಟಂಟಾದ ತಿಳಿ ನೀರು ಬರುತ್ತಿದ್ದರೂ ಅಷ್ಟೇ ತುರ್ತು.

ಅಂಗಾಲಿಗೆ ಮೊಳೆ ಹೊಕ್ಕು ನಿಂತಿದ್ದರೆ ನಮ್ಮ ಕೈ ತಾನಾಗೇ ಅದನ್ನು ಕೀಳೋಕೆ ಹೋಗುತ್ತೆ. ತಡೆಯಿರಿ. ಡಾಕ್ಟ್ರು ಬೇಗ ಬರುವ ಹಾಗಿದ್ದರೆ ಅದು ಅಲ್ಲೇ ಇರಲಿ. ಎಷ್ಟು ಆಳಕ್ಕೆ, ಯಾವ ದಿಕ್ಕಿಗೆ ಹೋಗಿದೆ ಅಂತ ಎಕ್ಸ್‌ರೇಯಲ್ಲಿ ಕಾಣೋದು ಮೊಳೆ ಒಳಗಿದ್ದಾಗ ಮಾತ್ರ. ಹೆಜ್ಜೆ ಇಟ್ಟರೆ ಇನ್ನೂ ಒಳಗೆ ಹೋಗುತ್ತೆ ಅಂತಿದ್ದರೆ ತೆಗೆಯಲೇಬೇಕು. ಆಗ ತೂತಿನ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ, ಗುರುತು ಮಾಡಿ.

ಇನ್ನೊಂದು, ಎರಡೂ ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದರೆ. ರಾತ್ರಿ ಲಾಯದ ಅಗುಳಿ ಬಿಚ್ಚಿಕೊಂಡು ಮುಸುಕಿನ ಜೋಳದ ಚೀಲಕ್ಕೆ ಬಾಯಿ ಹಾಕಿದೆ ಅಂತ ಗೊತ್ತಾದರಂತೂ ಕಾಯಲೇಬೇಡಿ. ಇದು ಲ್ಯಾಮಿನೈಟಿಸ್. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಟ್ಟಿರುವ ಪದರವೇ ಬಿಡೋಕೆ ಶುರುವಾಗಿರುತ್ತೆ. ಡಾಕ್ಟ್ರು ಬರುವ ತನಕ ಐಸ್ ನೀರಿನ ಬಕೆಟ್‌ನಲ್ಲಿ ಕಾಲು ಇಡಿಸಿ. ನಡೆಸಬೇಡಿ.

ಜ್ವರ ನೋಡೋದು ಮರೆಯಬೇಡಿ. ದೊಡ್ಡ ಕುದುರೆಗೆ ಗುದದಲ್ಲಿ ಥರ್ಮಾಮೀಟರ್ ಇಟ್ಟರೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರಬೇಕು. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28ರಿಂದ 44. ಕುದುರೆ ಸುಮ್ನೆ ನಿಂತಿದ್ದಾಗಲೂ ನಾಡಿ 60 ದಾಟಿದೆ ಅಂದರೆ ಅದು ಸಣ್ಣ ನೋವಲ್ಲ.

ನೋವಿನ ಮದ್ದು ಯಾಕೆ ಬೇಡ

ಮನೆಯಲ್ಲಿ ಇದ್ದಬದ್ದ ನೋವಿನ ಔಷಧಿ ಕೊಟ್ಟರೆ ಕುದುರೆ ಕುಂಟೋದು ನಿಲ್ಲಬಹುದು. ಮರುದಿನ ಡಾಕ್ಟ್ರು ಬಂದಾಗ ನೋಡೋಕೆ ಏನೂ ಇರಲ್ಲ! ದೂರದಿಂದ ಬಂದವರು ಸುಮ್ನೆ ವಾಪಸ್ ಹೋಗುತ್ತಾರೆ. ನೋವು ಗೊತ್ತಾಗದೆ ಕುದುರೆ ಆ ಕಾಲನ್ನೇ ಜಾಸ್ತಿ ಬಳಸಿ ಕೆಡಿಸಿಕೊಳ್ಳುತ್ತೆ. ಮನುಷ್ಯರ ಡೈಕ್ಲೋಫಿನ್ಯಾಕ್ ಅಂತೂ ಕೈಗೇ ತೆಗೆದುಕೊಳ್ಳಬೇಡಿ. ಅದನ್ನು ಪ್ರಾಣಿಗಳಿಗೆ ಕೊಡದಂತೆ ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧ ಆಗಿದೆ. ಆ ಔಷಧಿ ಪಡೆದು ಸತ್ತ ದನಗಳನ್ನು ತಿಂದೇ ರಣಹದ್ದುಗಳು ಗುಂಪುಗುಂಪಾಗಿ ಸತ್ತಿದ್ದು.

ಕೆಳಗಿನಿಂದ ಮೇಲಕ್ಕೆ

ನೆನಪಿಡಬೇಕಾದ ಕ್ರಮ ಇಷ್ಟೇ. ಮೊದಲು ಗೊರಸು, ಆಮೇಲೆ ಗೆಣ್ಣು (ಗೊರಸಿನ ಮೇಲೆ ಉಬ್ಬಿ ಕಾಣುವ ಕೀಲು), ಆಮೇಲೆ ಅದರ ಮೇಲಿನದ್ದು. ಮುಂಗಾಲಿನ ಕುಂಟಿಗೆ ಕಾರಣ ಹೆಚ್ಚಿನ ಸಲ ಗೊರಸಿನಲ್ಲೇ ಇರುತ್ತೆ. ರಟ್ಟೆ ಜಾರಿದೆ ಅನ್ನೋದು ಎಲ್ಲರಿಗೂ ಸುಲಭದ ಉತ್ತರ, ನಿಜವಾಗಿ ಅಪರೂಪ. ಬಹಳ ದಿನ ಕಾಲನ್ನು ಕಡಿಮೆ ಬಳಸಿದರೆ ಭುಜದ ಮಾಂಸ ಕರಗುತ್ತೆ. ಅದನ್ನು ನೋಡಿ "ಅಲ್ಲೇ ತೊಂದರೆ" ಅಂತಾರೆ. ತೊಂದರೆ ಕೆಳಗೆ ಇರುತ್ತೆ, ಮೇಲೆ ಕಾಣೋದು ಅದರ ನೆರಳು.

ಗೊರಸು ಎತ್ತಿ, ಕೆಸರು ತೆಗೆದು, ತೊಳೆದು, ಒರೆಸಿ ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ ಇದು ದಿನದ ಕೆಲಸ ಆಗಬೇಕು. ಮೂರು ತಿಂಗಳು ಒದ್ದೆ ನೆಲದಲ್ಲಿ ನಿಂತ ಅಂಗಾಲು ನೆನೆದ ರೊಟ್ಟಿ ಥರ ಆಗಿರುತ್ತೆ. ರಸ್ತೆಗೆ ಹಾಕಿದ ಜಲ್ಲಿ, ತೋಟದ ಮುರಕಲ್ಲಿನ ಚೂರು, ಏನು ಬೇಕಾದರೂ ಒತ್ತಿ ಒಳಗೆ ಹೋಗುತ್ತೆ. ಅಂಗಾಲಿನ ನಡುವೆ ಬಾಣದ ಮೊನೆ ಹಾಗೆ ಒಂದು ರಬ್ಬರಿನಂಥ ಭಾಗ ಇದೆಯಲ್ವಾ, ಫ್ರಾಗ್ ಅಂತಾರೆ. ಅದರ ಅಕ್ಕಪಕ್ಕದ ಸೀಳಿನಲ್ಲಿ ಕಪ್ಪಗೆ, ನಾರುವ ಹಾಗೆ ಇದ್ದರೆ ಅದು ಕೊಳೆ ರೋಗ. ಗೋಡೆಯೂ ಅಂಗಾಲೂ ಸೇರುವ ಕಡೆ ಒಂದು ತಿಳಿ ಬಣ್ಣದ ಗೆರೆ ಇರುತ್ತೆ. ಅದರಲ್ಲಿ ಕರಿ ಚುಕ್ಕೆ ಕಂಡರೆ ಅನುಮಾನ ಪಡಿ. ಕೊಳೆ ಒಳಗೆ ಹೋಗುವ ಬಾಗಿಲು ಅದು.

ಆಮೇಲೆ ನಾಡಿ. ಗೆಣ್ಣಿನ ಹಿಂದೆ, ಎಡಕ್ಕೂ ಬಲಕ್ಕೂ, ಎರಡು ಬೆರಳು ಹಗುರವಾಗಿ ಇಡಿ. ಆರೋಗ್ಯವಂತ ಕಾಲಿನಲ್ಲಿ ನಾಡಿ ಸಿಗೋದೇ ಕಷ್ಟ. "ನನಗೆ ಏನೂ ಸಿಗುತ್ತಿಲ್ಲ" ಅನ್ನೋದು ಒಳ್ಳೆ ಸುದ್ದಿ. ಬೆರಳಿಗೆ ಟಕ್ ಟಕ್ ಅಂತ ಹೊಡೆದರೆ ಆ ಗೊರಸಿನೊಳಗೆ ಉರಿ ಇದೆ. ಒಂದೇ ಕಾಲಿನಲ್ಲಿ ಹೊಡೆದರೆ ಕೀವು ಅಥವಾ ಪೆಟ್ಟು, ಎರಡೂ ಮುಂಗಾಲಿನಲ್ಲಿ ಹೊಡೆದರೆ ಲ್ಯಾಮಿನೈಟಿಸ್ ಅಂತ ಮೊದಲು ಯೋಚಿಸಿ. ಕುದುರೆ ಚೆನ್ನಾಗಿರುವ ದಿನಗಳಲ್ಲೇ ನಾಲ್ಕೂ ಕಾಲಿನ ನಾಡಿ ಮುಟ್ಟಿ ಅಭ್ಯಾಸ ಮಾಡಿ. ಇಲ್ಲದಿದ್ದರೆ ಬೇಕಾದ ದಿನ ಬೆರಳಿಗೆ ಏನೂ ತಿಳಿಯಲ್ಲ. ಗೊರಸಿನ ಬಿಸಿ ನೋಡುವಾಗಲೂ ನಾಲ್ಕನ್ನೂ ಒಟ್ಟಿಗೆ ಹೋಲಿಸಿ. ಬಿಸಿಲಿಗೆ ನಿಂತ ಕಪ್ಪು ಗೊರಸು ಬಿಸಿಯಾಗೇ ಇರುತ್ತೆ.

ಹೂಫ್ ಟೆಸ್ಟರ್ ಅಂತ ದೊಡ್ಡ ಇಕ್ಕಳದಂಥ ಸಾಧನ ಇದೆ. ಅಂಗಾಲನ್ನು ಸ್ವಲ್ಪ ಸ್ವಲ್ಪ ಜಾಗ ಬಿಟ್ಟು ಒತ್ತುತ್ತಾ ಸುತ್ತ ಬರಬೇಕು. ನೋವಿಲ್ಲದ ಕಾಲಿನಿಂದ ಶುರು ಮಾಡಿ, ಇಲ್ಲದಿದ್ದರೆ ಈ ಕುದುರೆ ಸುಮ್ಮನೆ ಎಷ್ಟು ಕೊಸರುತ್ತೆ ಅಂತ ನಿಮಗೆ ಗೊತ್ತಾಗಲ್ಲ. ಒಂದೇ ಜಾಗ ಒತ್ತಿದಾಗ ಮೂರು ಸಲವೂ ಕಾಲು ಎಳೆದುಕೊಂಡರೆ ಮಾತ್ರ ಲೆಕ್ಕ.

ಗೆಣ್ಣಿನ ಮೇಲೆ, ಕಾಲಿನ ಹಿಂಬದಿಯಲ್ಲಿ ಹಗ್ಗದ ಹಾಗೆ ಟೆಂಡನ್‌ಗಳು ಇಳಿದಿರುತ್ತವೆ. ಕಾಲು ಎತ್ತಿ ಹಿಡಿದು ಹೆಬ್ಬೆರಳು ತೋರುಬೆರಳ ನಡುವೆ ಮೇಲಿನಿಂದ ಕೆಳಗೆ ಜಾರಿಸಿ. ರೇಸ್ ಓಡಿದ ಕುದುರೆಗೆ ಇಲ್ಲಿ ಹಳೇ ಗಂಟು ಇರೋದು ಸಾಮಾನ್ಯ. ಹಳೇದು ಗಟ್ಟಿಯಾಗಿ ತಣ್ಣಗಿರುತ್ತೆ. ಹೊಸದು ಬೆಚ್ಚಗೆ, ಮೆತ್ತಗೆ ಇರುತ್ತೆ, ಮುಟ್ಟಿದರೆ ಕುದುರೆ ಕಿವಿ ಹಿಂದಕ್ಕೆ ಮಾಡುತ್ತೆ.

ನಾನು ಎಲ್ಲಿ ಎಡವಿದೆ

ಮಲ್ಲಿಯ ಎಡ ಮುಂಗಾಲಿನ ಅಂಗಾಲು ತೊಳೆದಾಗ ಎಂಟಾಣೆ ಅಗಲದ ಕೆಂಪು ಕಲೆ ಕಾಣಿಸಿತು. ಕಲ್ಲು ಒತ್ತಿದ ಪೆಟ್ಟು. ಓಡಿಸಿದಾಗ ಎಡ ಮುಂಗಾಲು ಊರುವಾಗ ತಲೆ ಮೇಲೆ, ಬಲ ಮುಂಗಾಲು ಊರುವಾಗ ತಲೆ ಕೆಳಗೆ. ಮುಂಗಾಲಿನ ಕುಂಟಿಗೆ ಇದೇ ಪಾಠದ ಲಕ್ಷಣ: ನೋವಿನ ಕಾಲು ನೆಲಕ್ಕೆ ಬಿದ್ದಾಗ ಭಾರ ತಪ್ಪಿಸೋಕೆ ತಲೆ ಎತ್ತುತ್ತೆ, ಒಳ್ಳೆ ಕಾಲಿನ ಮೇಲೆ ತಲೆ ಬಗ್ಗಿಸುತ್ತೆ. ಕಲೆ ಎಡಗಾಲಿನಲ್ಲಿ, ತಲೆಯೂ ಎಡಗಾಲಿನ ಕಡೆಗೇ ಬೆರಳು ತೋರಿಸುತ್ತಿದೆ. ಇನ್ನೇನು ಬೇಕು?

ಆ ಕಲೆ ಒತ್ತಿದರೆ ಅವಳಿಗೆ ನೋವೇ ಇರಲಿಲ್ಲ. ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತೆ, ಅಂಗಾಲೂ ನಿಧಾನವಾಗಿ ಬೆಳೆದು ಹೊರಗೆ ಬರುತ್ತೆ. ಹಾಗಾಗಿ ಇವತ್ತು ಕಾಣುವ ಕಲೆ ವಾರಗಳ ಹಿಂದಿನ ಪೆಟ್ಟು ಆಗಿರಬಹುದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ.

ಓಡಿಸಿ ನೋಡುವ ಬಗೆ

ನಡಿಗೆಯಲ್ಲಿ ಸಣ್ಣ ಕುಂಟು ಕಾಣಲ್ಲ, ನಾಗಾಲೋಟದಲ್ಲಿ ಗೊಂದಲ. ನೋಡಬೇಕಾದ್ದು ಟ್ರಾಟ್, ಅಂದರೆ ಕುಕ್ಕುಲೋಟ. ಅದರಲ್ಲಿ ಎದುರುಬದುರು ಕಾಲುಗಳು ಜೊತೆಯಾಗಿ ಬೀಳುತ್ತವೆ, ಎಡ ಮುಂಗಾಲಿನ ಜೊತೆ ಬಲ ಹಿಂಗಾಲು, ಬಲ ಮುಂಗಾಲಿನ ಜೊತೆ ಎಡ ಹಿಂಗಾಲು. ತಾಳ ಒಂದೇ ಸಮ ಇರಬೇಕು. ಕಣ್ಣು ಮುಚ್ಚಿ ಕೇಳಿದರೂ ತಿಳಿಯುತ್ತೆ.

ಗಟ್ಟಿ, ಸಮ ನೆಲ ಬೇಕು. ತೋಟದವರಿಗೆ ಇದು ಸಲೀಸು, ಕಾಫಿ ಒಣಗಿಸುವ ಕಣ ಇದೆಯಲ್ಲ! ಕೊಯ್ಲು ನವೆಂಬರ್ ಮೇಲೆ, ಮಳೆಗಾಲದಲ್ಲಿ ಕಣ ಖಾಲಿ. ಆದರೆ ಪಾಚಿ ಕಟ್ಟಿರುತ್ತೆ. ಮಳೆ ಹೊಳವಾದ ದಿನ ಪಾಚಿ ಕೆರೆಸಿ, ಒಣಗಿದ ಮೇಲೆ ನೇರವಾಗಿ ಮಾತ್ರ ಓಡಿಸಿ. ಕಾಂಕ್ರೀಟಿನ ಮೇಲೆ ವೃತ್ತ ಬೇಡ, ಜಾರಿದರೆ ಇಲ್ಲದ ರೋಗ ತಂದುಕೊಂಡ ಹಾಗೆ. ವೃತ್ತಕ್ಕೆ ಮೆತ್ತನೆ ನೆಲ ನೋಡಿ, ಎರಡೂ ದಿಕ್ಕಿಗೆ ಓಡಿಸಿ, ಯಾವ ದಿಕ್ಕಿಗೆ ಜಾಸ್ತಿ ಅಂತ ಬರೆದಿಡಿ.

ಹಿಡಿದು ಓಡುವವರು ಹಗ್ಗ ಸಡಿಲ ಬಿಡಬೇಕು. ಬಿಗಿಯಾಗಿ ಹಿಡಿದರೆ ತಲೆ ಆಡುವುದೇ ಕಾಣಲ್ಲ. ಫೋನಿನ ಸ್ಲೋ ಮೋಷನ್‌ನಲ್ಲಿ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಮೂರೂ ಕಡೆಯ ವಿಡಿಯೋ ತೆಗೆಯಿರಿ. ಹಿಂದಿನಿಂದ ತೆಗೆಯುವಾಗ ಎರಡೂ ಸೊಂಟದ ಮೂಳೆಯ ಮೇಲೆ ಒಂದೊಂದು ಬಿಳಿ ಗುರುತು ಇರಲಿ. ನಾವು ವಿಭೂತಿ ಕಲಸಿ ಹಚ್ಚಿದೆವು. ಮಲ್ಲಿ ಸ್ವಲ್ಪ ಭಕ್ತೆಯ ಹಾಗೆ ಕಂಡಳು, ಕೆಲಸ ಮಾತ್ರ ಆಯಿತು.

ಎಷ್ಟು ಕುಂಟುತ್ತಿದೆ ಅಂತ ಹೇಳೋಕೆ ಅಮೆರಿಕದ ಕುದುರೆ ವೈದ್ಯರ ಸಂಘದ 0ಯಿಂದ 5ರ ಅಳತೆ ಹಲವು ಕಡೆ ಬಳಕೆಯಲ್ಲಿದೆ. 1 ಅಂದರೆ ಒಮ್ಮೆ ಕಂಡು ಒಮ್ಮೆ ಕಾಣದ್ದು. 3 ಅಂದರೆ ಟ್ರಾಟ್‌ನಲ್ಲಿ ಪ್ರತಿ ಸಲವೂ ಕಾಣುವುದು. 4 ನಡಿಗೆಯಲ್ಲೇ ಎದ್ದು ಕಾಣುವುದು. 5 ಕಾಲು ಊರದೇ ಇರುವುದು. ಮಲ್ಲಿಯದು 3.

ಸೂಜಿ ಹೇಳಿದ್ದು

12ನೇ ದಿನ ಡಾಕ್ಟ್ರು ಬಂದರು. ಕಾಲು ಎತ್ತಿ, ಒತ್ತಿ, ಏನೂ ಸಿಗದೆ, ಎಡ ಮುಂಗಾಲಿನ ಗೊರಸಿನ ಹಿಂಬದಿಯ ನರಗಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ನರ್ವ್ ಬ್ಲಾಕ್ ಅನ್ನೋದು ಇದಕ್ಕೇ. ಮಳೆಯಲ್ಲಿ ಕರೆಂಟ್ ಹೋದಾಗ ಲೈನ್‌ಮನ್ ಒಂದೊಂದೇ ಕಂಬದ ಲೈನ್ ಬಿಡಿಸಿ ನೋಡುತ್ತಾ ಬರುತ್ತಾರಲ್ಲ, ಹಾಗೆ. ಕೆಳಗಿನಿಂದ ಶುರು. ಒಂದು ಭಾಗ ಮರಗಟ್ಟಿಸಿ, 5ರಿಂದ 10 ನಿಮಿಷ ಬಿಟ್ಟು ಮತ್ತೆ ಓಡಿಸಬೇಕು. ಕುಂಟು ಹೋದರೆ ನೋವು ಆ ಭಾಗದಲ್ಲೇ ಇದೆ. ಹೋಗದಿದ್ದರೆ ಮೇಲಕ್ಕೆ. ಮುರಿತದ ಅನುಮಾನ ಇದ್ದರೆ ಮಾತ್ರ ಇದನ್ನು ಮಾಡಲ್ಲ, ನೋವು ಗೊತ್ತಾಗದೆ ಓಡಿ ಬಿರುಕು ಪೂರ್ತಿ ಮುರಿಯಬಹುದು.

ಹತ್ತು ನಿಮಿಷ ಆಯಿತು. ಗೊರಸಿನ ಹಿಂಬದಿ ಚುಚ್ಚಿದರೂ ಅವಳಿಗೆ ಗೊತ್ತಾಗುತ್ತಿಲ್ಲ. ಓಡಿಸಿದೆವು. ಕುಂಟು ಹಾಗೇ ಇದೆ, ಚೂರೂ ಕಮ್ಮಿ ಇಲ್ಲ.

"ಇನ್ನೂ ಮೇಲೆ ಬ್ಲಾಕ್ ಮಾಡೋಣವಾ ಡಾಕ್ಟ್ರೇ?" ಅಂದೆ.

"ನೀವು ಇಷ್ಟು ದಿನ ಎದುರಿಗೆ ನಿಂತೇ ನೋಡಿದ್ದೀರಿ ಅಲ್ವಾ? ಹಿಂದಕ್ಕೆ ಬನ್ನಿ" ಅಂದರು.

ಹಿಂದಿನಿಂದ ನೋಡಿದರೆ ಎಡ ಸೊಂಟದ ವಿಭೂತಿ ಚುಕ್ಕೆ ಬಲಗಡೆಯದಕ್ಕಿಂತ ಜಾಸ್ತಿ ಮೇಲೆ ಕೆಳಗೆ ಆಡುತ್ತಿತ್ತು. ನಾನು ತೆಗೆದ ವಿಡಿಯೋದಲ್ಲೂ ಅದು ಇತ್ತು. ಮೂರು ದಿನದಿಂದ ನನ್ನ ಫೋನಿನಲ್ಲೇ ಇತ್ತು.

ಮೋಸ ಆಗಿದ್ದು ಹೀಗೆ. ಎಡ ಹಿಂಗಾಲು ನೊಂದಾಗ, ಅದು ನೆಲಕ್ಕೆ ಬೀಳುವ ಹೊತ್ತಿಗೆ ಕುದುರೆ ಭಾರವನ್ನು ಮುಂದಕ್ಕೆ ತಳ್ಳೋಕೆ ತಲೆ ಬಗ್ಗಿಸುತ್ತೆ. ಟ್ರಾಟ್‌ನಲ್ಲಿ ಅದರ ಜೊತೆ ಬೀಳೋದು ಬಲ ಮುಂಗಾಲು. ಅಂದರೆ ಬಲ ಮುಂಗಾಲಿನ ಮೇಲೆ ತಲೆ ಕೆಳಗೆ, ಎಡ ಮುಂಗಾಲಿನ ಮೇಲೆ ತಲೆ ಮೇಲೆ. ನೋಡುವವರಿಗೆ ಎಡ ಮುಂಗಾಲೇ ಕುಂಟುತ್ತಿದೆ ಅನಿಸುತ್ತೆ. ಹಿಂಗಾಲಿನ ನೋವು ಅದೇ ಬದಿಯ ಮುಂಗಾಲಿನ ವೇಷ ಹಾಕುತ್ತೆ. ತಲೆ ಆಡೋದು ಕಂಡ ಕೂಡಲೇ ಅದೇ ಬದಿಯ ಸೊಂಟ ನೋಡದೆ ಬೇರೆ ಏನೂ ಮಾಡಬೇಡಿ.

ಒಂದೊಂದೇ ಮೊಳೆ

ಡಾಕ್ಟ್ರು ಮುಂದೆ ಕೇಳಿದ ಪ್ರಶ್ನೆಯನ್ನು ನಾನು ಮೊದಲ ದಿನವೇ ಕೇಳಿಕೊಳ್ಳಬೇಕಿತ್ತು. "ಲಾಳ ಹೊಡೆಸಿದ್ದು ಯಾವಾಗ?" ಡೈರಿ ನೋಡಿದರೆ, ಕುಂಟು ಶುರುವಾಗುವ ಐದು ದಿನ ಮೊದಲು. ಲಾಳದ ಮೊಳೆ ನೇರವಾಗಿ ಜೀವ ಇರುವ ಭಾಗಕ್ಕೆ ಚುಚ್ಚಿದರೆ ಕುದುರೆ ಆಗಲೇ ಒದೆಯುತ್ತೆ, ಎಲ್ಲರಿಗೂ ಗೊತ್ತಾಗುತ್ತೆ. ಚುಚ್ಚದೆ, ಪಕ್ಕದಲ್ಲೇ ಹಾದು ಒತ್ತುತ್ತಿದ್ದರೆ ಅವತ್ತು ಏನೂ ಇಲ್ಲ. ಕೆಲವು ದಿನ ಬಿಟ್ಟು ಕುಂಟು. ಆ ಹೊತ್ತಿಗೆ ಲಾಳದ ನೆನಪೇ ಇರಲ್ಲ.

ಲಾಳವನ್ನು ಒಟ್ಟಿಗೆ ಕಿತ್ತು ಬಿಸಾಡಿದರೆ ಯಾವ ಮೊಳೆ ಅಂತ ತಿಳಿಯಲ್ಲ. ಡಾಕ್ಟ್ರು ಎಡ ಹಿಂಗಾಲಿನಲ್ಲಿ, ಗೋಡೆಯ ಹೊರಗೆ ಮಡಚಿದ ತುದಿಗಳನ್ನು ಮೊದಲು ಬಿಡಿಸಿ, ಮೊಳೆಗಳನ್ನು ಒಂದೊಂದಾಗಿ ಎಳೆದರು. ನಾನು ಒಂದು ಬಿಳಿ ಬಟ್ಟೆ ಹಾಸಿ, ಲಾಳದಲ್ಲಿ ಇದ್ದ ಕ್ರಮದಲ್ಲೇ ಜೋಡಿಸುತ್ತಾ ಹೋದೆ. ಹೊರಬದಿಯ ಮೂರು ಒಣಗಿದ್ದವು, ಹೊಳೆಯುತ್ತಿದ್ದವು. ಒಳಬದಿಯ ಮೊದಲ ಎರಡೂ ಹಾಗೇ. ಹಿಮ್ಮಡಿ ಕಡೆಯ ಕೊನೆಯದಕ್ಕೆ ಇಕ್ಕಳ ಹಾಕಿದ ಕೂಡಲೇ ಮಲ್ಲಿ ಕಾಲು ಎಳೆದಳು, ಕುದುರೆ ನೋಡಿಕೊಳ್ಳುವ ಸೈಸ್ ಅಣ್ಣ ಹಿಡಿದಿದ್ದ ಹಗ್ಗ ಕೈಯಿಂದ ಜಾರಿತು. ಮೊಳೆ ಹೊರಗೆ ಬಂದಾಗ ಅರ್ಧದಿಂದ ಮೇಲೆ ಬೂದು ಬಣ್ಣದ ತೇವ. ಮೂಗಿನ ಹತ್ತಿರ ತಂದರೆ ಕೊಳೆತ ವಾಸನೆ. ತೂತಿನಿಂದ ಎರಡು ಹನಿ ಕಪ್ಪು ನೀರು ಇಳಿಯಿತು. ಅಷ್ಟೇ ಇದ್ದದ್ದು.

ಗೊರಸಿನ ಗೋಡೆ ಮುಂದೆ ದಪ್ಪ, ಹಿಮ್ಮಡಿ ಕಡೆಗೆ ತೆಳು. ಹೊರಬದಿಗಿಂತ ಒಳಬದಿ ಇನ್ನೂ ತೆಳು. ಒಳಬದಿಯ ಕೊನೆ ಮೊಳೆಯ ಮೇಲೆ ಮೊದಲು ಅನುಮಾನ ಪಡೋದು ಅದಕ್ಕೇ. ಇದನ್ನು ಲಾಳ ಹೊಡೆದವರ ತಪ್ಪು ಅಂತ ಹಾರಾಡಬೇಡಿ. ಥರೋಬ್ರೆಡ್‌ಗಳ ಗೋಡೆ ಮೊದಲೇ ತೆಳು, ಮಳೆಯಲ್ಲಿ ನೆನೆದು ಮೆತ್ತಗಾಗಿರುತ್ತೆ, ಒಳ್ಳೆಯವರ ಕೈಯಲ್ಲೂ ಆಗುತ್ತೆ.

ತೂತನ್ನು ಪೊವಿಡೋನ್ ಅಯೋಡಿನ್‌ನಿಂದ ತೊಳೆದರು. ಆಮೇಲೆ ನಾನು ದಿನಕ್ಕೆ ಎರಡು ಸಲ ಉಗುರುಬೆಚ್ಚಗಿನ ಎಪ್ಸಮ್ ಉಪ್ಪಿನ ನೀರಿನಲ್ಲಿ ಅದ್ದಿಸಿದೆ. ಪಟ್ಟಿಗೆ ಮಕ್ಕಳ ಡೈಪರ್, ಅದರ ಮೇಲೆ ಗೊಬ್ಬರದ ಚೀಲದ ತುಂಡು ತೊಳೆದು ಕಟ್ಟಿ, ಡಕ್ಟ್ ಟೇಪ್ ಸುತ್ತಿದೆ. ಟೇಪ್ ಗೊರಸಿನ ಮೇಲಿನ ಕೂದಲ ಅಂಚಿಗೆ ಬಿಗಿಯಾಗಬಾರದು. ಲಾಯದಲ್ಲಿ ಒಣ ಭತ್ತದ ಹೊಟ್ಟು ದಪ್ಪಗೆ ಹಾಸಿದೆವು. ಧನುರ್ವಾಯು ಚುಚ್ಚುಮದ್ದು ಅವತ್ತೇ ಆಯಿತು. ಕುದುರೆಗೆ ಧನುರ್ವಾಯು ಬರುವಷ್ಟು ಸುಲಭವಾಗಿ ದನಕ್ಕೂ ನಾಯಿಗೂ ಬರಲ್ಲ, ಗೊರಸಿನ ತೂತಿನ ಕೇಸಿನಲ್ಲಿ ಇದನ್ನು ಮರೆತರೆ ಕುದುರೆಯೇ ಹೋಗಬಹುದು. ಮೂರನೇ ದಿನ ಕಣದಲ್ಲಿ ಓಡಿಸಿದಾಗ ತಲೆ ಆಡಲಿಲ್ಲ.

ಮೊಳೆಯೂ ಅಲ್ಲ, ಗೊರಸೂ ಅಲ್ಲ ಅಂದರೆ

ಹಿಂಗಾಲು ಹಿಂದಕ್ಕೆ ಚಾಚಿ ಕೋಲಿನ ಹಾಗೆ ಸಿಕ್ಕಿಕೊಂಡು, ಎಳೆದುಕೊಂಡು ಹೋಗಿ, ಆಮೇಲೆ ಟಕ್ ಅಂತ ಬಿಟ್ಟರೆ ಮಂಡಿಚಿಪ್ಪು ಸಿಕ್ಕಿಕೊಳ್ಳುತ್ತಿದೆ. ದನಗಳಲ್ಲಿ ನೀವು ನೋಡಿರುತ್ತೀರಿ. ಒಂದು ಹೆಜ್ಜೆ ಹಿಂದಕ್ಕೆ ನಡೆಸಿದರೆ ಎಷ್ಟೋ ಸಲ ಬಿಡುತ್ತೆ.

ಎರಡು ದಿನ ರಜೆ ಕೊಟ್ಟು ಕಾಳು ಮಾತ್ರ ಅಷ್ಟೇ ತಿನ್ನಿಸಿ, ಮೂರನೇ ದಿನ ಸವಾರಿ ತೆಗೆದಾಗ ಬೆವರಿ, ಸೊಂಟ ಬಿಗಿದು ನಿಂತರೆ ಅದು ಕುಂಟೇ ಅಲ್ಲ, ಮಾಂಸಖಂಡದ ತೊಂದರೆ. ಮೂತ್ರ ಡಿಕಾಕ್ಷನ್ ಬಣ್ಣ ಇದ್ದರೆ ಖಾತ್ರಿ. ಒಂದು ಹೆಜ್ಜೆಯೂ ನಡೆಸದೆ ಡಾಕ್ಟ್ರಿಗೆ ಹೇಳಿ.

ಹಿಂಭಾಗ ತೂರಾಡುತ್ತೆ, ಜ್ವರ ಬಂದು ಬಂದು ಹೋಗುತ್ತೆ, ಕಾಲು ಹೊಟ್ಟೆ ಊದುತ್ತೆ, ಮೈ ಇಳಿಯುತ್ತೆ ಅಂದರೆ ರಕ್ತ ಪರೀಕ್ಷೆ ಮಾಡಿಸಿ. ಕಚ್ಚುವ ಕುದುರೆ ನೊಣಗಳಿಂದ ಹರಡುವ ಸರ್ರಾ ರೋಗ ಹೀಗೇ ಕಾಣುತ್ತೆ.

ಎಕ್ಸ್‌ರೇ ಬಗ್ಗೆ ಒಂದು ಮಾತು. ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ. ರೇಸ್ ಓಡಿದ ಕುದುರೆಯ ಯಾವ ಕೀಲಿನ ಎಕ್ಸ್‌ರೇ ತೆಗೆದರೂ ಏನಾದರೂ ಒಂದು ಹಳೇ ಗುರುತು ಸಿಗುತ್ತೆ. ಅದೇ ಕಾರಣ ಅಂತ ಹಿಡಿದು ಕೂತರೆ ನನ್ನ ಕೆಂಪು ಕಲೆಯ ಕಥೆಯೇ ಮತ್ತೆ, ಖರ್ಚು ಮಾತ್ರ ಜಾಸ್ತಿ. ನೋವಿನ ಜಾಗ ಬ್ಲಾಕ್‌ನಿಂದ ಗೊತ್ತಾದ ಮೇಲೆ ಅಲ್ಲಿ ತೆಗೆಸಿ. ಟೆಂಡನ್‌ಗೆ ಎಕ್ಸ್‌ರೇ ಅಲ್ಲ, ಅಲ್ಟ್ರಾಸೌಂಡ್ ಬೇಕು. ನಮ್ಮ ಸುತ್ತಮುತ್ತ ಕುದುರೆ ನೋಡಿ ಪಳಗಿದವರು ಕಡಿಮೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಮೊದಲು ಫೋನ್ ಮಾಡಿ ಏನೇನು ಸಿಗುತ್ತೆ ಅಂತ ಕೇಳಿಕೊಂಡು ಹೋಗಿ. ತುರ್ತಿಗೆ ಸರ್ಕಾರದ ಸಂಚಾರಿ ಪಶು ಚಿಕಿತ್ಸೆಯ ಸಹಾಯವಾಣಿ 1962 ಇದೆ. ಮೂರು ವಿಡಿಯೋ, ಜ್ವರದ ಲೆಕ್ಕ, ಲಾಳ ಹೊಡೆಸಿದ ತಾರೀಕು ಕೈಯಲ್ಲಿದ್ದರೆ ಫೋನಿನಲ್ಲೇ ಅರ್ಧ ಕೆಲಸ ಆಗುತ್ತೆ.

ಮೂರು ವಾರ ಬಿಟ್ಟು ಲಾಳ ಹೊಡೆಯುವವರು ಬಂದಾಗ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಆ ಮೊಳೆ ತೋರಿಸಿದೆ. ತಿರುಗಿಸಿ ನೋಡಿದರು, ಮೂಸಿದರು. "ಇವಳಿಗೆ ಒಳಗಡೆ ಎರಡೇ ಸಾಕು" ಅಂದು ಆ ತೂತು ಖಾಲಿ ಬಿಟ್ಟು ಹೊಡೆದರು.